ತಾಂಜಾನಿಯಾದ ಸೈನ್ಯ, ಪೊಲೀಸ್, ಗುಪ್ತಚರ ದಳ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಂಜಾನಿಯಾ ಅಂದ ಕೂಡಲೇ ಸೆರೆಂಗೆಟಿ, ಕಿಲಿಮಂಜಾರೊ, ಜಂಜಿಬಾರ್ ನೆನಪಾಗುತ್ತವೆ. ಅಲ್ಲಿನ ಸೈನ್ಯ ಯಾರಿಗೂ ನೆನಪಾಗುವುದಿಲ್ಲ. ಒಂದು ರೀತಿಯಲ್ಲಿ ಅದೇ ಆ ಸೈನ್ಯದ ಸಾಧನೆ. ಸುತ್ತಮುತ್ತಲ ದೇಶಗಳಲ್ಲಿ ಮಿಲಿಟರಿಯವರು ರೇಡಿಯೊ ಸ್ಟೇಷನ್ ಹಿಡಿದು "ಇನ್ನು ಮುಂದೆ ನಮ್ಮದೇ ಸರ್ಕಾರ" ಅಂತ ಘೋಷಿಸಿದ್ದುಂಟು. ಇಲ್ಲಿ ಒಮ್ಮೆಯೂ ಹಾಗಾಗಿಲ್ಲ. ಹಾಗಾಗದಂತೆ ನೋಡಿಕೊಳ್ಳಲು ಏನೇನು ಮಾಡಿದರು, ಅದಕ್ಕೆ ತೆತ್ತ ಬೆಲೆ ಏನು ಅನ್ನುವುದೇ ಕೆಳಗಿನ ಬಹುಪಾಲು ಉತ್ತರಗಳಲ್ಲಿ ಬರುತ್ತದೆ.

ಸೈನ್ಯದ ಹೆಸರೇನು? ಎಷ್ಟು ದೊಡ್ಡದು?

ಸ್ವಾಹಿಲಿಯಲ್ಲಿ "ಜೆಶಿ ಲಾ ವನಾಂಚಿ ವಾ ತಾಂಜಾನಿಯಾ", ಅಂದರೆ ತಾಂಜಾನಿಯಾ ಜನರ ಸೈನ್ಯ. ಬರೆಯುವಾಗ ಜೆಡಬ್ಲ್ಯೂಟಿಜೆಡ್ ಅಂತ ಚಿಕ್ಕದು ಮಾಡುತ್ತಾರೆ. ಭೂಸೇನೆ, ವಾಯುಪಡೆ, ನೌಕಾಪಡೆ ಮೂರೂ ಇದರ ಒಳಗೇ ಇವೆ. ಪೂರ್ಣಾವಧಿ ಸೈನಿಕರು ಸುಮಾರು 27,000 ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ಆರು ಕೋಟಿಗೂ ಹೆಚ್ಚು ಜನ ಇರುವ ದೇಶಕ್ಕೆ ಇದು ದೊಡ್ಡ ಸೈನ್ಯವೇನಲ್ಲ. ನೌಕಾಪಡೆಯ ಮುಖ್ಯ ನೆಲೆ ದಾರ್ ಎಸ್ ಸಲಾಮ್ ಬಂದರಿನ ಎದುರು ದಡದ ಕಿಗಾಂಬೊನಿಯಲ್ಲಿದೆ. ಅಧಿಕಾರಿಗಳ ತರಬೇತಿ ಅರುಷಾ ಹತ್ತಿರದ ಮೊಂಡುಲಿಯಲ್ಲಿ ನಡೆಯುತ್ತದೆ. ಸೈನ್ಯದ ಹುಟ್ಟುಹಬ್ಬ ಸೆಪ್ಟೆಂಬರ್ 1, ಏಕೆಂದರೆ 1964ರ ಆ ದಿನ ಇದು ಶುರುವಾಯಿತು. ಸ್ವಾತಂತ್ರ್ಯ ಬಂದದ್ದು 1961ರಲ್ಲಿ, ಸೈನ್ಯ ಹುಟ್ಟಿದ್ದು 1964ರಲ್ಲಿ. ಆ ಮಧ್ಯೆ ಏನಾಯಿತು ಅನ್ನುವುದೇ ನಿಜವಾದ ಕಥೆ.

ಸೈನ್ಯ ಯಾರ ಮಾತು ಕೇಳುತ್ತದೆ?

ಅಧ್ಯಕ್ಷರ ಮಾತು. ಅಧ್ಯಕ್ಷರೇ ಮಹಾದಂಡನಾಯಕರು. 2021ರ ಮಾರ್ಚ್ 19ರಿಂದ ಆ ಸ್ಥಾನದಲ್ಲಿ ಸಾಮಿಯಾ ಸುಲುಹು ಹಸನ್ ಇದ್ದಾರೆ. ಆ ದೇಶದ ಮಟ್ಟಿಗೆ ಮೊದಲ ಮಹಿಳೆ. ಅದೇ ವರ್ಷ ರಕ್ಷಣಾ ಮಂತ್ರಿಯಾಗಿಯೂ ಮೊದಲ ಬಾರಿಗೆ ಒಬ್ಬ ಮಹಿಳೆ ಬಂದರು, ಸ್ಟೆರ್ಗೊಮೆನಾ ಟ್ಯಾಕ್ಸ್. ಮೂರೂ ಪಡೆಗಳ ಮೇಲಿರುವ ಮುಖ್ಯಸ್ಥರು ಜನರಲ್ ಜೇಕಬ್ ಮ್ಕುಂಡಾ, 2022ರಿಂದ.

1964ರಲ್ಲಿ ಏನಾಯಿತು?

ಆಗ ದೇಶದ ಹೆಸರು ಟ್ಯಾಂಗನಿಕಾ. ಬ್ರಿಟಿಷರು ಬಿಟ್ಟುಹೋದ ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಎಂಬ ಪಡೆಗೆ ಟ್ಯಾಂಗನಿಕಾ ರೈಫಲ್ಸ್ ಅಂತ ಹೊಸ ಬೋರ್ಡ್ ಹಾಕಿದ್ದರು, ಅಷ್ಟೇ. ಸ್ವಾತಂತ್ರ್ಯ ಬಂದು ಎರಡು ವರ್ಷ ಕಳೆದರೂ ಮೇಲಿನ ಅಧಿಕಾರಿಗಳು ಬ್ರಿಟಿಷರೇ. ಕಮಾಂಡರ್ ಬ್ರಿಗೇಡಿಯರ್ ಡಗ್ಲಸ್ ಕೂಡ ಬ್ರಿಟಿಷ್. ಸಾಮಾನ್ಯ ಸಿಪಾಯಿಯ ಸಂಬಳ ಕಡಿಮೆ, ಬಡ್ತಿಯ ದಾರಿ ಬಂದ್. ಅವರ ಕಣ್ಣ ಮುಂದೆಯೇ ಉಳಿದ ಸರ್ಕಾರಿ ಕಚೇರಿಗಳಲ್ಲಿ ಆಫ್ರಿಕನ್ನರು ದೊಡ್ಡ ಕುರ್ಚಿಗೆ ಏರುತ್ತಿದ್ದರು.

ಜನವರಿ 20ರ ನಸುಕಿನಲ್ಲಿ ದಾರ್ ಹೊರವಲಯದ ಕೊಲಿಟೊ ಬ್ಯಾರಕ್ಸಿನ ಸೈನಿಕರು ತಮ್ಮ ಬ್ರಿಟಿಷ್ ಅಧಿಕಾರಿಗಳನ್ನೇ ಹಿಡಿದು ಕೂಡಿಹಾಕಿ ಊರೊಳಗೆ ನುಗ್ಗಿದರು. ಅಧ್ಯಕ್ಷ ಜೂಲಿಯಸ್ ನೈರೇರೆಯನ್ನು ಗುಟ್ಟಾಗಿ ಬಚ್ಚಿಡಬೇಕಾಯಿತು. ರಕ್ಷಣಾ ಮಂತ್ರಿ ಆಸ್ಕರ್ ಕಂಬೋನಾ ಒಬ್ಬರೇ ಹೋಗಿ ಸೈನಿಕರ ಜೊತೆ ಮಾತುಕತೆಗೆ ನಿಂತರು. ಊರಲ್ಲಿ ಅರಬ್ಬರ, ಭಾರತೀಯರ ಅಂಗಡಿಗಳ ಲೂಟಿ ಆಯಿತು, ಕೆಲವರು ಸತ್ತರು. ಗಮನಿಸಿ, ದಂಗೆಕೋರರು ಸರ್ಕಾರ ಬೀಳಿಸುತ್ತೇವೆ ಅನ್ನಲಿಲ್ಲ. ಸಂಬಳ ಹೆಚ್ಚಿಸಿ, ಬಿಳಿ ಅಧಿಕಾರಿಗಳನ್ನು ಕಳಿಸಿ ಅಂದರು. ಆದರೆ ಬಂದೂಕು ಹಿಡಿದವನು ಅಧ್ಯಕ್ಷನ ಮನೆ ತನಕ ಬಂದು ಬೇಡಿಕೆ ಇಟ್ಟರೆ ಅದು ಬೇಡಿಕೆಯಾಗಿ ಉಳಿಯುವುದಿಲ್ಲ, ಅಲ್ವಾ?

ಕೊನೆಗೆ ನೈರೇರೆ ಮಾಡಿದ್ದು ಅವರಿಗೇ ನುಂಗಲಾಗದ ಕೆಲಸ. ಎರಡು ವರ್ಷದ ಹಿಂದೆ ಹೊರಟುಹೋದ ಬ್ರಿಟಿಷರನ್ನೇ ಸಹಾಯಕ್ಕೆ ಕರೆದರು. ಜನವರಿ 25ರಂದು ಸೆಂಟಾರ್ ಎಂಬ ಯುದ್ಧನೌಕೆಯಿಂದ ಹೆಲಿಕಾಪ್ಟರಿನಲ್ಲಿ ಇಳಿದ ಬ್ರಿಟಿಷ್ ಕಮಾಂಡೊಗಳು ಬೆಳಗ್ಗೆ ಮುಗಿಯುವುದರೊಳಗೆ ದಂಗೆ ಅಡಗಿಸಿದರು. ಆ ಹೊತ್ತಿಗೆ ಉಗಾಂಡಾ, ಕೀನ್ಯಾದ ಬ್ಯಾರಕ್ಸ್‌ಗಳಲ್ಲೂ ಅದೇ ಥರದ ದಂಗೆ ಎದ್ದಿತ್ತು. ನೈರೇರೆ ಇದನ್ನು ದೇಶಕ್ಕಾದ ಅವಮಾನ ಅಂತ ಬಹಿರಂಗವಾಗಿಯೇ ಹೇಳಿಕೊಂಡರು. ಆಮೇಲೆ ಬ್ರಿಟಿಷರ ಜಾಗದಲ್ಲಿ ಕಾವಲಿಗೆ ನೈಜೀರಿಯಾದ ಸೈನಿಕರನ್ನು ತರಿಸಿದರು.

ಆಮೇಲೆ ಸೈನ್ಯವನ್ನು ಹೇಗೆ ಕಟ್ಟಿದರು?

ಹಳೆಯ ಪಡೆಯನ್ನು ಪೂರ್ತಿ ವಿಸರ್ಜಿಸಿದರು. ದುರಸ್ತಿ ಅಲ್ಲ, ಬುಡಸಮೇತ ಕಿತ್ತರು. ಹೊಸ ಸೈನಿಕರನ್ನು ಆರಿಸಿದ್ದು ಆಳುವ ಟಾನು ಪಕ್ಷದ ಯುವ ಘಟಕದಿಂದ. ಸೈನಿಕನಾಗಬೇಕಾದರೆ ಪಕ್ಷದ ಮೇಲೆ ನಿಷ್ಠೆ ಇರಬೇಕು ಅನ್ನುವುದು ಲೆಕ್ಕ. ಮುಂದೆ ಪ್ರತಿ ತುಕಡಿಗೂ ರಾಜಕೀಯ ಅಧಿಕಾರಿಗಳು ಬಂದರು, ಕವಾಯತಿನ ಜೊತೆಗೆ ಸಮಾಜವಾದದ ಪಾಠವೂ ನಡೆಯಿತು. ಆಫ್ರಿಕನ್ ಅಧಿಕಾರಿಗಳು ಎಷ್ಟು ಕಡಿಮೆ ಇದ್ದರೆಂದರೆ, ಮೊದಲ ಮುಖ್ಯಸ್ಥ ಮಿರಿಶೊ ಸರಕಿಕ್ಯಾ ಮೂವತ್ತು ದಾಟುವ ಹೊತ್ತಿಗೆ ಇಡೀ ಸೈನ್ಯದ ಹೊಣೆ ಹೊತ್ತುಕೊಂಡಿದ್ದರು. 1974ರ ತನಕ ಅವರೇ ಇದ್ದರು.

ಬ್ಯಾರಕ್ಸಿನ ಹೆಸರನ್ನೂ ಬಿಡಲಿಲ್ಲ. ಕೊಲಿಟೊ ಅನ್ನುವುದು ಎರಡನೇ ಮಹಾಯುದ್ಧದಲ್ಲಿ ಇಥಿಯೋಪಿಯಾದಲ್ಲಿ ನಡೆದ ಒಂದು ಕಾಳಗದ ಹೆಸರು, ಬ್ರಿಟಿಷರ ನೆನಪು. ಅದನ್ನು ತೆಗೆದು ಲುಗಾಲೊ ಅಂತ ಇಟ್ಟರು. 1891ರಲ್ಲಿ ಹೆಹೆ ಜನರು ಮ್ಕ್ವಾವಾನ ಮುಂದಾಳತ್ವದಲ್ಲಿ ಜರ್ಮನ್ ಪಡೆಯನ್ನು ಹೊಡೆದುರುಳಿಸಿದ ಜಾಗ ಅದು.

ಈ ಪಕ್ಷ ಮತ್ತು ಸೈನ್ಯದ ನಂಟು ಎಷ್ಟು ಹತ್ತಿರದ್ದು ಅನ್ನಲು ಒಂದು ಉದಾಹರಣೆ ಸಾಕು. 2005ರಿಂದ 2015ರ ತನಕ ಅಧ್ಯಕ್ಷರಾಗಿದ್ದ ಜಕಾಯ ಕಿಕ್ವೆಟೆ ಸೈನ್ಯದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು. ಅದೇ ಹೊತ್ತಿಗೆ ಪಕ್ಷದ ಕೆಲಸವೂ ನಡೆದಿತ್ತು, ಮಂತ್ರಿಗಿರಿಯೂ ಬಂದಿತ್ತು. 1992ರಲ್ಲಿ ಬೇರೆ ಪಕ್ಷಗಳಿಗೂ ಅವಕಾಶ ಕೊಟ್ಟಾಗ, ಸೈನಿಕ ಯಾವ ಪಕ್ಷದ ಸದಸ್ಯನೂ ಆಗಿರಬಾರದು ಅಂತ ನಿಯಮ ಬಂತು. ಕಿಕ್ವೆಟೆ ಪಕ್ಷ ಉಳಿಸಿಕೊಂಡು ಯೂನಿಫಾರ್ಮ್ ಬಿಟ್ಟರು. ಈಗಲೂ ಸೈನಿಕರು ಮತ ಹಾಕಬಹುದು, ಸದಸ್ಯತ್ವ ಮಾತ್ರ ಇಲ್ಲ. ನಿವೃತ್ತರು, ಕೆಲವೊಮ್ಮೆ ಸೇವೆಯಲ್ಲಿರುವವರು ಕೂಡ ಪ್ರಾಂತ್ಯಗಳ, ಜಿಲ್ಲೆಗಳ ಕಮಿಷನರ್ ಆಗುವುದು ಅಲ್ಲಿ ಮಾಮೂಲು.

ಚೀನಾ ಹೇಗೆ ಒಳಗೆ ಬಂತು?

ಸುತ್ತುಬಳಸಿ. ವಾಯುಪಡೆಗೆ ತರಬೇತಿ ಕೊಡಲು ಮೊದಲು ಒಪ್ಪಿದ್ದು ಪಶ್ಚಿಮ ಜರ್ಮನಿ. 1964ರಲ್ಲಿ ಟ್ಯಾಂಗನಿಕಾ ಜಂಜಿಬಾರ್ ದ್ವೀಪಗಳ ಜೊತೆ ಒಕ್ಕೂಟವಾಗಿ ತಾಂಜಾನಿಯಾ ಆಗಿತ್ತು. ಜಂಜಿಬಾರಿನಲ್ಲಿ ಪೂರ್ವ ಜರ್ಮನಿಯವರು ಆಗಲೇ ಬೇರೂರಿದ್ದರು. ಅವರನ್ನು ಕಳಿಸಿದರೆ ಮಾತ್ರ ನಾವಿರುತ್ತೇವೆ ಅನ್ನುವ ಧಾಟಿಯಲ್ಲಿ ಪಶ್ಚಿಮ ಜರ್ಮನಿ ಒತ್ತಡ ಹಾಕಿತು. ನೈರೇರೆ ಒಪ್ಪಲಿಲ್ಲ. 1965ರಲ್ಲಿ ಜರ್ಮನರು ಗಂಟುಮೂಟೆ ಕಟ್ಟಿದರು. ಕೆನಡಾದವರು ಬಂದು 1970ರ ತನಕ ತರಬೇತಿ ಕೊಟ್ಟರು. ಆಮೇಲೆ ಪೂರ್ತಿ ಚೀನಾ. ಟ್ಯಾಂಕು, ಗಸ್ತು ದೋಣಿ, ಯುದ್ಧವಿಮಾನ, ಮೊರೊಗೊರೊ ಕಡೆಯ ನ್ಗೆರೆಂಗೆರೆ ವಾಯುನೆಲೆ ಎಲ್ಲ ಅಲ್ಲಿಂದಲೇ. ದಾರ್‌ನಲ್ಲಿ 2012ರಲ್ಲಿ ಶುರುವಾದ ರಾಷ್ಟ್ರೀಯ ರಕ್ಷಣಾ ಕಾಲೇಜಿನ ಕಟ್ಟಡ ಕಟ್ಟಿಕೊಟ್ಟವರೂ ಚೀನೀಯರೇ. ಈ ನಂಟು ಇವತ್ತು ನಿನ್ನೆಯದಲ್ಲ. ಆಫ್ರಿಕಾಕ್ಕೆ ಚೀನಾ ಈಗ ಬಂತು ಅನ್ನುವವರು ಇದನ್ನು ಮರೆಯುತ್ತಾರೆ.

ಜೆಕೆಟಿ ಅಂದರೆ ಏನು? ಎಲ್ಲರೂ ಸೇರಲೇಬೇಕಾ?

ಜೆಕೆಟಿ ಅಂದರೆ "ಜೆಶಿ ಲಾ ಕುಜೆಂಗಾ ತೈಫಾ", ದೇಶ ಕಟ್ಟುವ ಪಡೆ. 1963ರ ಜುಲೈ 10ರಂದು ಶುರುವಾಯಿತು, ಅಂದರೆ ಈಗಿನ ಸೈನ್ಯಕ್ಕಿಂತ ಒಂದು ವರ್ಷ ಹಿರಿಯದು. ಓದು ಮುಗಿಸಿದ ಹುಡುಗ ಹುಡುಗಿಯರು ಕ್ಯಾಂಪಿನಲ್ಲಿದ್ದು ಕವಾಯತು, ಬೇಸಾಯ, ಕಟ್ಟಡ ಕೆಲಸ ಕಲಿಯುತ್ತಾರೆ. ಬೆಳಗಿನ ಜಾವ ಎಲ್ಲರೂ ಸಾಲಾಗಿ ಓಡಬೇಕು. ಮುಂದಿರುವವನು ಹಾಡಿನ ಒಂದು ಸಾಲು ಎತ್ತಿಕೊಟ್ಟರೆ ಹಿಂದಿನವರು ಹೆಜ್ಜೆಗೆ ಸರಿಯಾಗಿ ಅದಕ್ಕೆ ದನಿಗೂಡಿಸುತ್ತಾರೆ. ಇದಕ್ಕೆ ಮ್ಚಕಮ್ಚಕ ಅನ್ನುತ್ತಾರೆ. ಆ ಪೀಳಿಗೆಯ ಯಾರನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ.

1966ರಲ್ಲಿ ಇದನ್ನು ಪದವೀಧರರಿಗೂ ಕಡ್ಡಾಯ ಮಾಡಲು ಹೊರಟರು. ಎರಡು ವರ್ಷದ ಸೇವೆ, ಹೆಚ್ಚಿನ ಅವಧಿಗೆ ಸಂಬಳದಲ್ಲಿ ಕಡಿತ. ವಿಶ್ವವಿದ್ಯಾಲಯದ ಹುಡುಗರು ಅಕ್ಟೋಬರ್‌ನಲ್ಲಿ ಮೆರವಣಿಗೆ ಮಾಡಿದರು. ಬ್ರಿಟಿಷರ ಕಾಲವೇ ವಾಸಿಯಿತ್ತು ಅನ್ನುವ ಅರ್ಥದ ಫಲಕವೂ ಅದರಲ್ಲಿತ್ತು. ನೈರೇರೆಗೆ ಸಿಟ್ಟು ನೆತ್ತಿಗೇರಿತು. ಸುಮಾರು ನಾನೂರು ವಿದ್ಯಾರ್ಥಿಗಳನ್ನು ಊರಿಗೆ ಅಟ್ಟಿದರು. ಅದೇ ಉಸಿರಿನಲ್ಲಿ ತಮ್ಮ ಸಂಬಳವನ್ನೂ ಶೇ. 20 ಇಳಿಸಿಕೊಂಡರು. ಎರಡನೆಯದನ್ನು ಅಭಿಮಾನಿಗಳು ಜೋರಾಗಿ ಹೇಳುತ್ತಾರೆ, ಮೊದಲನೆಯದನ್ನು ಮೆಲ್ಲಗೆ.

ದುಡ್ಡಿಲ್ಲದೆ 1994ರಲ್ಲಿ ಕಡ್ಡಾಯ ಸೇವೆ ನಿಂತಿತು. 2013ರಲ್ಲಿ ಮತ್ತೆ ಬಂತು. ಈಗ ಫಾರ್ಮ್ ಸಿಕ್ಸ್, ಅಂದರೆ ನಮ್ಮ ಪಿಯುಸಿಯಂಥದ್ದು, ಮುಗಿಸಿದವರನ್ನು ಸುಮಾರು ಮೂರು ತಿಂಗಳಿಗೆ ಕರೆಯುತ್ತಾರೆ. ಸ್ವಯಂಪ್ರೇರಣೆಯಿಂದ ಸೇರುವವರದು ಬೇರೆ ದಾರಿ, ಅದು ಉದ್ದದ್ದು. ಸೈನ್ಯ, ಪೊಲೀಸ್, ಜೈಲು ಇಲಾಖೆಯ ನೌಕರಿಗೆ ಜೆಕೆಟಿ ಸರ್ಟಿಫಿಕೇಟ್ ಇದ್ದವರಿಗೆ ಮೊದಲ ಮಣೆ. ಹಾಗಾಗಿ ಹಳ್ಳಿಯ ಹುಡುಗರಿಗೆ ಇದು ದೇಶಸೇವೆಗಿಂತ ನೌಕರಿಯ ಬಾಗಿಲು. ಅದರಲ್ಲಿ ತಪ್ಪೇನೂ ಇಲ್ಲ. ಪಡೆಗೆ ಸುಮಾ ಜೆಕೆಟಿ ಎಂಬ ವ್ಯಾಪಾರದ ಅಂಗವೂ ಇದೆ. ಕಟ್ಟಡ ಗುತ್ತಿಗೆಯಿಂದ ಸೆಕ್ಯೂರಿಟಿ ಗಾರ್ಡ್ ತನಕ ಎಲ್ಲ ಮಾಡುತ್ತದೆ.

ಇದಿ ಅಮೀನನನ್ನು ಓಡಿಸಿದ್ದು ಇವರೇನಾ?

ಹೌದು. ಆಫ್ರಿಕಾದಲ್ಲಿ ಒಂದು ದೇಶದ ಸೈನ್ಯ ಪಕ್ಕದ ದೇಶದ ರಾಜಧಾನಿಯ ತನಕ ಹೋಗಿ ಅಲ್ಲಿನ ಸರ್ವಾಧಿಕಾರಿಯನ್ನು ಇಳಿಸಿದ ಉದಾಹರಣೆ ಆ ಕಾಲಕ್ಕೆ ಇರಲಿಲ್ಲ.

1978ರ ಅಕ್ಟೋಬರ್ ಕೊನೆಗೆ ಉಗಾಂಡಾದ ಸರ್ವಾಧಿಕಾರಿ ಅಮೀನನ ಪಡೆ ಗಡಿ ದಾಟಿ ಕಗೇರಾ ನದಿಯ ಉತ್ತರದ ಭಾಗವನ್ನು ಹಿಡಿಯಿತು. ನವೆಂಬರ್ 1ರಂದು ಅದು ನಮ್ಮದೇ ಅಂತ ಘೋಷಿಸಿದ. ದನ ಕರು, ಸಕ್ಕರೆ ಕಾರ್ಖಾನೆಯ ಯಂತ್ರ, ಮನೆಯ ತಗಡು, ಕೈಗೆ ಸಿಕ್ಕಿದ್ದೆಲ್ಲ ಲೂಟಿ. ಜನರನ್ನು ಕೊಂದರು. ಕ್ಯಾಕಾ ಸೇತುವೆಯನ್ನು ಸ್ಫೋಟಿಸಿದರು. ನೈರೇರೆ ರೇಡಿಯೊದಲ್ಲಿ ಮಾತಾಡಿದರು. ಹೊಡೆಯಲು ನಮಗೆ ಕಾರಣ ಇದೆ, ಶಕ್ತಿ ಇದೆ, ಮನಸ್ಸೂ ಇದೆ ಅನ್ನುವ ಆ ಮಾತು ಇವತ್ತಿಗೂ ತಾಂಜಾನಿಯಾದ ಹಿರಿಯರ ಬಾಯಲ್ಲಿದೆ.

ಶುರುವಿನಲ್ಲಿ ಗೊಂದಲವೋ ಗೊಂದಲ. ಮುಸೋಮಾದಲ್ಲಿ ಅವರದೇ ಫಿರಂಗಿಗಳು ಅವರದೇ ಮೂರು ವಿಮಾನಗಳನ್ನು ಶತ್ರುವಿನವು ಅಂತ ತಿಳಿದು ಹೊಡೆದುರುಳಿಸಿದವು. ಆದರೆ ಕೆಲವೇ ವಾರಗಳಲ್ಲಿ ಚಿತ್ರ ಬದಲಾಯಿತು. ಬಸ್ಸು, ಲಾರಿಗಳನ್ನೆಲ್ಲ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಪೊಲೀಸರು, ಜೈಲು ಸಿಬ್ಬಂದಿ, ಜೆಕೆಟಿ, ಹಳ್ಳಿಯ ಮ್ಗಾಂಬೊ ಎಂಬ ಕಾವಲಿಗರು ಎಲ್ಲ ಸೇರಿ ಲಕ್ಷ ದಾಟಿದ ಸೈನ್ಯ ಎದ್ದಿತು. ದಂಗೆಯ ಭಯದಿಂದ ಜನಸೈನ್ಯ ಕಟ್ಟಿದ್ದರಲ್ಲ, ಅದು ಕೆಲಸಕ್ಕೆ ಬಂದದ್ದು ಇಲ್ಲಿ. ಅಮೀನನ ಸೈನಿಕರು ಹೆಚ್ಚು ಹೆದರುತ್ತಿದ್ದದ್ದು ಲಾರಿಯ ಮೇಲಿಂದ ಸಾಲುಸಾಲಾಗಿ ಹಾರುವ ಕಟ್ಯೂಷಾ ರಾಕೆಟ್ಟಿಗೆ. ಅದಕ್ಕೆ ಅವರಿಟ್ಟ ಹೆಸರು ಸಬಾ ಸಬಾ.

ಮಾರ್ಚ್ 1979ರಲ್ಲಿ ಲುಕಾಯಾ ಎಂಬಲ್ಲಿ ಜೌಗು ಪ್ರದೇಶದ ನಡುವಿನ ಒಂದೇ ರಸ್ತೆಯಲ್ಲಿ ದೊಡ್ಡ ಕಾಳಗ ಆಯಿತು. ಅಮೀನನ ನೆರವಿಗೆ ಗಡಾಫಿ ಕಳಿಸಿದ ಲಿಬಿಯಾದ ಸೈನಿಕರೂ ಅಲ್ಲಿದ್ದರು. ತಾಂಜಾನಿಯಾದವರು ಮೊದಲ ದಿನ ಹಿಂದೆ ಸರಿದು, ಮಾರನೇ ದಿನ ಎರಡು ಕಡೆಯಿಂದ ಮುತ್ತಿ ಗೆದ್ದರು. ಅದೇ ತಿಂಗಳ ಕೊನೆಗೆ ಲಿಬಿಯಾದ ಬಾಂಬರ್ ವಿಮಾನವೊಂದು ವಿಕ್ಟೋರಿಯಾ ಸರೋವರದ ದಡದ ಮ್ವಾಂಜಾ ಪಟ್ಟಣಕ್ಕೆ ಗುರಿಯಿಟ್ಟಿತು. ಬಾಂಬುಗಳು ಬಿದ್ದದ್ದು ಪಕ್ಕದ ಸಾನಾನೆ ದ್ವೀಪದ ಪ್ರಾಣಿಧಾಮದ ಮೇಲೆ. ಒಬ್ಬ ಕೆಲಸಗಾರನಿಗೆ ಗಾಯವಾಯಿತು, ಸತ್ತದ್ದು ಕೆಲವು ಜಿಂಕೆ ಜಾತಿಯ ಪ್ರಾಣಿಗಳು.

ಏಪ್ರಿಲ್ 11ಕ್ಕೆ ಉಗಾಂಡಾದ ರಾಜಧಾನಿ ಕಂಪಾಲಾ ಬಿತ್ತು. ಅಮೀನ ಲಿಬಿಯಾಕ್ಕೆ ಓಡಿ, ಆಮೇಲೆ ಸೌದಿಯಲ್ಲಿ ಆರಾಮಾಗಿದ್ದು 2003ರಲ್ಲಿ ಸತ್ತ. ತಾಂಜಾನಿಯಾದ 20ನೇ ಡಿವಿಷನ್ ನಡೆಸಿದ ಡೇವಿಡ್ ಮುಸುಗುರಿ ಮುಂದೆ ಸೈನ್ಯದ ಮುಖ್ಯಸ್ಥರಾದರು.

ಆ ಯುದ್ಧದಿಂದ ತಾಂಜಾನಿಯಾಗೆ ಏನು ಸಿಕ್ಕಿತು?

ಸಾಲ. ಯುದ್ಧದ ಖರ್ಚು ಸುಮಾರು 50 ಕೋಟಿ ಡಾಲರ್ ಅನ್ನುತ್ತಾರೆ. ಅದೇ ಹೊತ್ತಿಗೆ ತೈಲದ ಬೆಲೆಯೂ ಏರಿತ್ತು. ಎಂಬತ್ತರ ದಶಕದಲ್ಲಿ ಅಂಗಡಿಗಳಲ್ಲಿ ಸೋಪು, ಸಕ್ಕರೆಗೂ ತತ್ವಾರ. ಜೊತೆಗೆ, ಮನೆಗೆ ಮರಳಿದ ಸಾವಿರಾರು ಜನರಿಗೆ ಬಂದೂಕು ಹಿಡಿಯುವುದು ಗೊತ್ತಾಗಿತ್ತು, ಕೆಲಸ ಇರಲಿಲ್ಲ. ದರೋಡೆ, ದನಗಳ್ಳತನ ಹೆಚ್ಚಿದವು. ಸುಕುಮಾ ಜನರ ಹಳ್ಳಿಗಳು ಬಿಲ್ಲು ಬಾಣ ಹಿಡಿದು ಸುಂಗುಸುಂಗು ಎಂಬ ತಮ್ಮದೇ ಕಾವಲು ಪಡೆ ಕಟ್ಟಿಕೊಂಡದ್ದು ಆಗಲೇ. ಸರ್ಕಾರ ಮೊದಲು ಹುಬ್ಬೇರಿಸಿತು, ಆಮೇಲೆ ಒಪ್ಪಿಕೊಂಡಿತು.

ಪೊಲೀಸರ ವ್ಯವಸ್ಥೆ ಹೇಗೆ?

ನಮ್ಮಲ್ಲಿ ರಾಜ್ಯಕ್ಕೊಂದು ಪೊಲೀಸ್. ಅಲ್ಲಿ ಇಡೀ ದೇಶಕ್ಕೆ, ಜಂಜಿಬಾರ್ ಸೇರಿ, ಒಂದೇ ಪಡೆ. ಗೃಹ ಸಚಿವಾಲಯದ ಕೆಳಗೆ ಬರುತ್ತದೆ. ಬಿಳಿ ಯೂನಿಫಾರ್ಮ್ ಇದ್ದರೆ ಟ್ರಾಫಿಕ್ ಪೊಲೀಸ್. ಗಲಭೆ ಇದ್ದಲ್ಲಿ ಬರುವವರು ಎಫ್‌ಎಫ್‌ಯು, ಅಶ್ರುವಾಯು ಲಾಠಿ ಇತ್ಯಾದಿ. ವಿರೋಧ ಪಕ್ಷದವರಿಗೆ ಇವರ ಪರಿಚಯ ಚೆನ್ನಾಗಿಯೇ ಇದೆ. ಊರಲ್ಲಿ ಬೀದಿಬದಿ ವ್ಯಾಪಾರಿಗಳನ್ನು ಎಬ್ಬಿಸುವವರು ಮ್ಗಾಂಬೊ, ಅರೆತರಬೇತಿ ಪಡೆದ ಸ್ಥಳೀಯ ಕಾವಲಿಗರು. ಜನಕ್ಕೆ ಸೈನ್ಯದ ಮೇಲಿರುವ ಗೌರವ ಪೊಲೀಸರ ಮೇಲಿಲ್ಲ. ಲಂಚದ ದೂರು ಅಲ್ಲೂ ಇದೆ, ಬಿಡಿ.

ಆದರೆ ಅವರ ಕೆಲಸ ಸುಲಭದ್ದೂ ಅಲ್ಲ. ದಾರ್‌ನ ದಕ್ಷಿಣಕ್ಕಿರುವ ಕಿಬಿಟಿ ಕಡೆ 2017ರ ಏಪ್ರಿಲ್‌ನಲ್ಲಿ ಹೊಂಚು ಹಾಕಿದವರು ಒಂದೇ ದಾಳಿಯಲ್ಲಿ 8 ಪೊಲೀಸರನ್ನು ಕೊಂದರು. ಸ್ಥಳೀಯ ಮುಖಂಡರೂ ಒಬ್ಬೊಬ್ಬರಾಗಿ ಹತರಾದರು. ಅದನ್ನು ಅಡಗಿಸಿದ ರೀತಿಯ ಬಗ್ಗೆಯೂ ಪ್ರಶ್ನೆಗಳಿವೆ, ಕಾಣೆಯಾದವರು ಎಲ್ಲಿ ಅಂತ ಮನೆಯವರು ಕೇಳುತ್ತಲೇ ಇದ್ದರು.

ಜಂಜಿಬಾರಿಗೆ ಬೇರೆ ಸೈನ್ಯ ಇದೆಯಾ?

ಸೈನ್ಯ ಇಲ್ಲ, ರಕ್ಷಣೆ ಒಕ್ಕೂಟ ಸರ್ಕಾರದ್ದು. ಆದರೆ ವಿಶೇಷ ಪಡೆಗಳಿವೆ. ಕಳ್ಳಸಾಗಣೆ ತಡೆಯಲು ಕೆಎಂಕೆಎಂ, ಯುವಜನರಿಗೆ ಜೆಕೆಯು, ಸ್ವಯಂಸೇವಕರ ಕೆವಿಜೆಡ್, ಜೈಲು ನೋಡಿಕೊಳ್ಳುವ ಮಫುಂಜೊ. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ನೀವು ಫುಟ್‌ಬಾಲ್ ನೋಡುವವರು. ಇವೆಲ್ಲ ಜಂಜಿಬಾರ್ ಲೀಗಿನ ತಂಡಗಳೂ ಹೌದು. ಮೇನ್‌ಲ್ಯಾಂಡಿನಲ್ಲೂ ಜೆಕೆಟಿ ತಾಂಜಾನಿಯಾ, ತಾಂಜಾನಿಯಾ ಪ್ರಿಸನ್ಸ್ ಅಂತ ತಂಡಗಳಿವೆ. ಚುನಾವಣೆ ಸಮಯದಲ್ಲಿ ಈ ಪಡೆಗಳ ಮೇಲೆ ವಿರೋಧ ಪಕ್ಷಗಳ ದೂರು ತಪ್ಪಿದ್ದಲ್ಲ.

ಸೈನ್ಯ ಗೋಡಂಬಿ ಖರೀದಿಗೆ ಇಳಿದಿತ್ತಂತೆ, ನಿಜಾನಾ?

ನಿಜ. ಮಂಗಳೂರಿನ ಗೇರುಬೀಜ ಕಾರ್ಖಾನೆಯವರಿಗೆ ಇದು ಚೆನ್ನಾಗಿ ನೆನಪಿರುತ್ತದೆ, ಏಕೆಂದರೆ ಅಲ್ಲಿಗೆ ಹಡಗಿನಲ್ಲಿ ಬರುವ ಕಚ್ಚಾ ಬೀಜದಲ್ಲಿ ತಾಂಜಾನಿಯಾದ್ದೂ ಇರುತ್ತದೆ. 2018ರಲ್ಲಿ ಮ್ಟ್ವಾರಾ, ಲಿಂಡಿ ಕಡೆಯ ರೈತರು ವ್ಯಾಪಾರಿಗಳು ಕೊಟ್ಟ ಬೆಲೆಗೆ ಮಾರಲು ಒಪ್ಪಲಿಲ್ಲ. ಆಗಿನ ಅಧ್ಯಕ್ಷ ಜಾನ್ ಮಗುಫುಲಿ ಇಬ್ಬರು ಮಂತ್ರಿಗಳನ್ನು ಮನೆಗೆ ಕಳಿಸಿದರು. ಕಿಲೋಗೆ 3,300 ಶಿಲಿಂಗ್ ಕೊಟ್ಟು ಸರ್ಕಾರವೇ ಕೊಳ್ಳುತ್ತದೆ, ಸಾಗಿಸುವುದು ಸೈನ್ಯ ಅಂದರು. ಮಿಲಿಟರಿ ಲಾರಿಗಳು ಗೋಡಂಬಿ ಮೂಟೆ ಹೊತ್ತವು. ಮೊದಲ ವಾರ ಚಪ್ಪಾಳೆ. ಆಮೇಲೆ ಹಣ ತಡವಾಯಿತು, ಬೀಜ ಗೋದಾಮಿನಲ್ಲೇ ತಿಂಗಳುಗಟ್ಟಲೆ ಕೂತಿತು. ಗೇರುಬೀಜದ ಮಾರುಕಟ್ಟೆ ಸೈನಿಕರ ಆರ್ಡರ್ ಕೇಳುವುದಿಲ್ಲವಲ್ಲ.

ಅದೇ ವರ್ಷದ ಇನ್ನೊಂದು ಕೆಲಸ ಚೆನ್ನಾಗಿ ಆಯಿತು. ಟಾಂಜನೈಟ್ ಎಂಬ ನೀಲಿ ಹರಳು ಜಗತ್ತಿನಲ್ಲಿ ಸಿಗುವುದು ಮೆರೆರಾನಿ ಬೆಟ್ಟದಲ್ಲಿ ಮಾತ್ರ. ಕಳ್ಳತನ ತಡೆಯಲು ಗಣಿಯ ಸುತ್ತ ಸುಮಾರು 24 ಕಿಲೋಮೀಟರ್ ಗೋಡೆಯನ್ನು ಸೈನಿಕರು ಮೂರೇ ತಿಂಗಳಲ್ಲಿ ಕಟ್ಟಿ ನಿಲ್ಲಿಸಿದರು. ಒಳಗೆ ಹೋಗಲು ಒಂದೇ ಗೇಟು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ನಂಟು?

ಎರಡು ಇವೆ. ಮೊದಲನೆಯದು ಹಳೆಯದು, ಸೋಲಿನದು. ಮೊದಲ ಮಹಾಯುದ್ಧದಲ್ಲಿ ಇದು ಜರ್ಮನರ ವಸಾಹತು. 1914ರ ನವೆಂಬರ್ ಮೊದಲ ವಾರ ಟಾಂಗಾ ಬಂದರಿನ ಮೇಲೆ ಬ್ರಿಟಿಷ್ ಇಂಡಿಯಾದ ಸುಮಾರು 8,000 ಸೈನಿಕರು ದಾಳಿಗೆ ಇಳಿದರು. ಅದರಲ್ಲಿ ಒಂದು ಪಡೆಯ ಹೆಸರೇ ಬೆಂಗಳೂರು ಬ್ರಿಗೇಡ್. ಬೆಂಗಳೂರಿನ ದಂಡಿನ ಹೆಸರು ಹೊತ್ತ ಬ್ರಿಗೇಡ್ ಅಂತ ಅರ್ಥ, ಸೈನಿಕರೆಲ್ಲ ಇಲ್ಲಿಯವರು ಅಂತಲ್ಲ. ಎದುರಿಗಿದ್ದದ್ದು ಜರ್ಮನ್ ಕಮಾಂಡರ್ ಲೆಟೊವ್ ಫೋರ್ಬೆಕ್‌ನ ಸಾವಿರ ಜನ, ಬಹುಪಾಲು ಆಫ್ರಿಕನ್ ಸೈನಿಕರು. ವಾರಗಟ್ಟಲೆ ಹಡಗಿನಲ್ಲಿ ತೂಗಾಡಿ ಬಂದವರನ್ನು ಗುರುತೇ ಇಲ್ಲದ ತೋಟ, ಪೊದೆಗಳ ನಡುವೆ ನುಗ್ಗಿಸಿದರು. ಗುಂಡಿನ ಸದ್ದಿಗೆ ಮರದ ಮೇಲಿನ ಜೇನುಹುಳುಗಳು ಎದ್ದು ಎರಡೂ ಕಡೆಯವರನ್ನು ಕಚ್ಚಿದವು. ಬ್ರಿಟಿಷ್ ಕಡೆ 800ಕ್ಕೂ ಹೆಚ್ಚು ಜನ ಸತ್ತು, ಗಾಯಗೊಂಡು, ಉಳಿದವರು ಬಂದೂಕು ಮದ್ದುಗುಂಡು ದಡದಲ್ಲೇ ಬಿಟ್ಟು ಹಡಗು ಹತ್ತಿದರು.

ಎರಡನೆಯದು ತೀರ ಹೊಸದು. 2025ರ ಏಪ್ರಿಲ್ 5ರಂದು ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಹೊರಟಿತು. ಅದರಲ್ಲಿ ನಮ್ಮವರ ಜೊತೆ ತಾಂಜಾನಿಯಾ ಸೇರಿ 9 ದೇಶಗಳ ನೌಕಾ ಸಿಬ್ಬಂದಿ ಇದ್ದರು. ಹಡಗಿನ ಮೊದಲ ನಿಲ್ದಾಣ ದಾರ್ ಎಸ್ ಸಲಾಮ್. ಅಲ್ಲಿ ಅದೇ ತಿಂಗಳು ಭಾರತ ಮತ್ತು ತಾಂಜಾನಿಯಾ ಸೇರಿ ಆಫ್ರಿಕಾದ ಹಲವು ದೇಶಗಳ ನೌಕಾಪಡೆಗಳನ್ನು ಕರೆದು ಜಂಟಿ ಕವಾಯತು ನಡೆಸಿದವು.

ಹೊರದೇಶಗಳಲ್ಲಿ ಏನು ಮಾಡುತ್ತಾರೆ?

ಹಿಂದೆ ಮೊಜಾಂಬಿಕ್, ದಕ್ಷಿಣ ಆಫ್ರಿಕಾದ ಹೋರಾಟಗಾರರಿಗೆ ಕೊಂಗ್ವಾ, ನಚಿಂಗ್ವೆಯಾ ಶಿಬಿರಗಳಲ್ಲಿ ಜಾಗ ಕೊಟ್ಟಿದ್ದರು. 2008ರಲ್ಲಿ ಕೊಮೊರೊಸ್‌ನ ಅಂಜುವಾನ್ ದ್ವೀಪದಲ್ಲಿ ಇಳಿದು ಗದ್ದುಗೆ ಬಿಡದ ಕರ್ನಲ್ ಒಬ್ಬನನ್ನು ಓಡಿಸಿದರು. 2013ರಲ್ಲಿ ಕಾಂಗೊದಲ್ಲಿ ವಿಶ್ವಸಂಸ್ಥೆಯ ದಾಳಿ ಬ್ರಿಗೇಡಿನ ಮೊದಲ ಕಮಾಂಡರ್ ತಾಂಜಾನಿಯಾದ ಜೇಮ್ಸ್ ಮ್ವಾಕಿಬೊಲ್ವಾ. ಅದೇ ವರ್ಷ ಎಂ23 ಬಂಡುಕೋರರು ಸೋತರು, ಕೆಲವು ವರ್ಷಗಳ ಮೇಲೆ ಮತ್ತೆ ಎದ್ದರು ಅನ್ನುವುದು ಬೇರೆ ಮಾತು. ನಷ್ಟವೂ ಕಮ್ಮಿಯಲ್ಲ. 2013ರಲ್ಲಿ ಸೂಡಾನಿನ ಡಾರ್ಫರ್‌ನಲ್ಲಿ 7 ಮಂದಿ, 2017ರ ಡಿಸೆಂಬರ್‌ನಲ್ಲಿ ಕಾಂಗೊದ ಸೆಮುಲಿಕಿ ನೆಲೆಯ ಮೇಲಿನ ದಾಳಿಯಲ್ಲಿ 15 ಮಂದಿ ಸತ್ತರು. ಕಳಂಕವೂ ಇದೆ: 2023ರಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದಿಂದ 60 ಜನರ ಒಂದು ತುಕಡಿಯನ್ನು ಲೈಂಗಿಕ ಶೋಷಣೆಯ ಆರೋಪದ ಮೇಲೆ ವಿಶ್ವಸಂಸ್ಥೆ ವಾಪಸ್ ಕಳಿಸಿತು.

ಪ್ರವಾಸಕ್ಕೆ ಹೋಗುವವರು ಏನು ಗಮನಿಸಬೇಕು?

ಮಿಲಿಟರಿ ಬಣ್ಣದ ಚುಕ್ಕೆಬಟ್ಟೆ ಒಯ್ಯಬೇಡಿ. ಸಫಾರಿ ಅಂತ ಎಷ್ಟೋ ಜನ ಆ ಥರದ ಪ್ಯಾಂಟು, ಟೋಪಿ ಕೊಳ್ಳುತ್ತಾರೆ. ಅಲ್ಲಿ ಸಾಮಾನ್ಯರು ಸೈನ್ಯದ ಹೋಲಿಕೆಯ ಬಟ್ಟೆ ಹಾಕುವುದು ಅಪರಾಧ. 2023ರಲ್ಲಿ ಸೈನ್ಯ ಗಡುವು ಕೊಟ್ಟು, ಮನೆಯಲ್ಲಿದ್ದರೆ ತಂದು ಒಪ್ಪಿಸಿ ಅಂತ ಪ್ರಕಟಣೆಯನ್ನೇ ಹೊರಡಿಸಿತ್ತು. ಬ್ಯಾರಕ್ಸ್, ಪೊಲೀಸ್ ಠಾಣೆ, ಬಂದರು, ಸೇತುವೆಗಳ ಫೋಟೊ ಬೇಡ, ರೀಲ್ಸ್ ಅಂತೂ ಬೇಡವೇ ಬೇಡ. ಹಳ್ಳಿ ಬಂದ ಕಡೆ ವೇಗದ ಮಿತಿ 50 ಕಿಲೋಮೀಟರ್. ಬಿಳಿ ಯೂನಿಫಾರ್ಮಿನವರು ಮರದ ನೆರಳಲ್ಲೇ ನಿಂತಿರುತ್ತಾರೆ. ನಿಲ್ಲಿಸಿದರೆ ಮೊದಲು ನಮಸ್ಕಾರ ಹೇಳಿ, ಆಮೇಲೆ ವಿಷಯ. ದಂಡ ಕಟ್ಟಿದರೆ ರಸೀದಿ ಕೇಳಿ.

ಗುಪ್ತಚರ ದಳದ ಬಗ್ಗೆ ಏಕೆ ಇಷ್ಟು ಭಯ?

ಜನ ಅದನ್ನು ಉಸಲಾಮಾ ಅಂತ ದನಿ ತಗ್ಗಿಸಿ ಹೇಳುತ್ತಾರೆ. 1996ರ ಕಾನೂನಿನಿಂದ ಅದಕ್ಕೆ ಅಧಿಕೃತ ರೂಪ ಬಂತು. ನೇರವಾಗಿ ಅಧ್ಯಕ್ಷರಿಗೇ ವರದಿ ಒಪ್ಪಿಸುತ್ತದೆ. 2023ರ ಆರಂಭದಿಂದ 2024ರ ಮಧ್ಯದೊಳಗೆ ಅದರ ಮುಖ್ಯಸ್ಥರು ಮೂರು ಸಲ ಬದಲಾದರು. ಒಳಗೆ ಏನೋ ಸರಿಯಿಲ್ಲ ಅಂತ ಜನ ಮಾತಾಡಿಕೊಳ್ಳಲು ಅಷ್ಟು ಸಾಕು.

ಭಯಕ್ಕೆ ಕಾರಣ ಬಗೆಹರಿಯದ ಪ್ರಕರಣಗಳು. 2017ರ ಸೆಪ್ಟೆಂಬರ್‌ನಲ್ಲಿ ವಿರೋಧ ಪಕ್ಷದ ಸಂಸದ ತುಂಡು ಲಿಸ್ಸು ಮೇಲೆ ರಾಜಧಾನಿ ಡೊಡೊಮಾದಲ್ಲಿ ಹಾಡಹಗಲೇ ಗುಂಡಿನ ಮಳೆ ಸುರಿಯಿತು. ಮೈಗೆ ಹೊಕ್ಕದ್ದು 16 ಗುಂಡು, ಬದುಕಿದ್ದೇ ಹೆಚ್ಚು. ಯಾರಿಗೂ ಶಿಕ್ಷೆಯಾಗಿಲ್ಲ. 2024ರಲ್ಲಿ ಲಿಸ್ಸು ಅವರದೇ ಚಡೆಮಾ ಪಕ್ಷದ ಅಲಿ ಕಿಬಾವೊ ಅವರನ್ನು ಬಸ್ಸಿನಿಂದ ಇಳಿಸಿ ಕರೆದೊಯ್ದರು, ಮಾರನೇ ದಿನ ಹೆಣ ಸಿಕ್ಕಿತು. ಯಾರು ಮಾಡಿದರು ಅಂದರೆ "ಗೊತ್ತಿಲ್ಲದ ಜನ" ಅನ್ನುವುದು ಅಲ್ಲಿ ಚಾಲ್ತಿಯಲ್ಲಿರುವ ಉತ್ತರ. ಸರ್ಕಾರ ತನ್ನ ಕೈವಾಡ ಇಲ್ಲ ಅನ್ನುತ್ತದೆ. ಹಾಗಾದರೆ ಹಿಡಿದು ತೋರಿಸಬೇಕಲ್ಲ.

2025ರ ಅಕ್ಟೋಬರ್‌ನಲ್ಲಿ ಏನಾಯಿತು?

ಅಕ್ಟೋಬರ್ 29 ಚುನಾವಣೆ. ಲಿಸ್ಸು ದೇಶದ್ರೋಹದ ಆರೋಪದಲ್ಲಿ ಜೈಲಿನಲ್ಲಿದ್ದರು, ಅವರ ಪಕ್ಷಕ್ಕೆ ಸ್ಪರ್ಧಿಸಲು ಅವಕಾಶ ಇರಲಿಲ್ಲ. ಮತದಾನದ ದಿನವೇ ಹುಡುಗರು ಬೀದಿಗಿಳಿದರು. ದಾರ್‌ನಲ್ಲಿ ಕರ್ಫ್ಯೂ ಹಾಕಿದರು, ಇಂಟರ್ನೆಟ್ ಕಡಿದರು, ಪೊಲೀಸರ ಜೊತೆ ಸೈನ್ಯವೂ ರಸ್ತೆಗೆ ಬಂತು. ಮೊದಮೊದಲು ಕೆಲವು ಕಡೆ ಜನ ಸೈನಿಕರನ್ನು ಕಂಡು ಕೇಕೆ ಹಾಕಿ ಸ್ವಾಗತಿಸಿದರು, ಪೊಲೀಸರಿಂದ ಇವರಾದರೂ ಕಾಪಾಡುತ್ತಾರೆ ಅಂತ. ಮಾರನೇ ದಿನ ಜನರಲ್ ಮ್ಕುಂಡಾ ಟಿವಿಯಲ್ಲಿ ಬಂದು ಬೀದಿಗಿಳಿದವರನ್ನು ಅಪರಾಧಿಗಳು ಅಂದರು. ನೂರಾರು ಜನ ಸತ್ತರು ಅಂತ ವಿರೋಧ ಪಕ್ಷವೂ ಮಾನವ ಹಕ್ಕು ಸಂಘಟನೆಗಳೂ ಹೇಳಿದವು. ಸರ್ಕಾರ ಆ ಲೆಕ್ಕ ಒಪ್ಪಲಿಲ್ಲ. ಶೇ. 98ರಷ್ಟು ಮತ ಬಂದಿದೆ ಅಂತ ಘೋಷಿಸಿದ ಮೇಲೆ ಸಾಮಿಯಾ ಪ್ರಮಾಣವಚನ ತೆಗೆದುಕೊಂಡದ್ದು ಜನ ತುಂಬಿದ ಕ್ರೀಡಾಂಗಣದಲ್ಲಲ್ಲ, ಡೊಡೊಮಾದ ಪರೇಡ್ ಮೈದಾನದಲ್ಲಿ, ಸಾಮಾನ್ಯರಿಗೆ ಪ್ರವೇಶವಿಲ್ಲದೆ. ಡಿಸೆಂಬರ್ 9ರ ಸ್ವಾತಂತ್ರ್ಯೋತ್ಸವವೂ ರದ್ದಾಯಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರ ನೇತೃತ್ವದಲ್ಲಿ ತನಿಖಾ ಆಯೋಗ ಆಯಿತು, ಆದರೆ ಅದನ್ನು ನೇಮಿಸಿದವರು ಅಧ್ಯಕ್ಷರೇ.

ಹಾಗಾದರೆ ಅಲ್ಲೂ ಸೈನ್ಯ ಅಧಿಕಾರ ಹಿಡಿಯಬಹುದಾ?

ನನಗೆ ಹಾಗನ್ನಿಸುವುದಿಲ್ಲ. ಅರವತ್ತು ವರ್ಷ ಪಕ್ಷದ ಮನೆಮಗನಂತೆ ಬೆಳೆದ ಸೈನ್ಯ ಅದು. ಜನರಲ್‌ಗಳಿಗೆ ನಿವೃತ್ತಿಯಾದ ಮೇಲೂ ಕಮಿಷನರ್ ಹುದ್ದೆ, ಮಂಡಳಿಯ ಕುರ್ಚಿ ಕಾದಿರುತ್ತವೆ. ಹೊರಗಿನಿಂದ ಕಿತ್ತುಕೊಳ್ಳಬೇಕಾದ್ದು ಅವರಿಗೆ ಒಳಗಿನಿಂದಲೇ ಸಿಗುತ್ತಿದೆ. ನೈರೇರೆ 1964ರಲ್ಲಿ ಕೇಳಿಕೊಂಡ ಪ್ರಶ್ನೆ, ಸೈನ್ಯ ಸರ್ಕಾರದ ಮೇಲೆ ತಿರುಗಿಬೀಳದಂತೆ ನೋಡಿಕೊಳ್ಳುವುದು ಹೇಗೆ ಅಂತ. ಅದಕ್ಕೆ ಅವರು ಉತ್ತರ ಕಂಡುಕೊಂಡರು. ಸರ್ಕಾರವೇ ಜನರ ಮೇಲೆ ತಿರುಗಿದಾಗ ಆ ಸೈನ್ಯ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಆಗ ಯಾರೂ ಕೇಳಿರಲಿಲ್ಲ. ದಾರ್‌ನ ಹುಡುಗರು ಈಗ ಕೇಳುತ್ತಿರುವುದು ಅದನ್ನೇ.